ಹದಿನಾಲ್ಕು ಸೂಜಿ

ಮುಳವಾಡದ ಕಡೆಯ ಎರೆಹೊಲಗಳಿಗೆ ಮಳೆಯೊಂದೇ ಗತಿಯಾಗಿದ್ದ ದಿನಗಳು ಅವು. ಹಿಂಗಾರಿಯಲ್ಲಿ ಬಿಳಿಜೋಳ ಬಿಟ್ಟರೆ ನಮಗೆ ಬೇರೆ ಬೆಳೆ ಗೊತ್ತಿರಲಿಲ್ಲ. ಎಳ್ಳಮಾಸಿ ಮುಗಿದು ತೆನೆಗೆ ಹಾಲು ತುಂಬಿತೆಂದರೆ ನಮ್ಮಂಥ ಹುಡುಗಿಯರ ಸಾಲಿ ತಪ್ಪಿ, ಹಕ್ಕಿ ಕಾಯುವ ಕೆಲಸ ಬೀಳುತ್ತಿತ್ತು. ಹೊಲದ ನಡುವೆ ನಾಲ್ಕು ಕಂಬದ ಅಟ್ಟ, ಕೈಯಲ್ಲಿ ಕವಣೆ, ಉಡಿಯ ತುಂಬ ಕಲ್ಲು. ಮಧ್ಯಾಹ್ನ ಕುಳ್ಳಿನ ಬೆಂಕಿಯಲ್ಲಿ ಎಳೆ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದಿದರೆ ಹಸಿರು ಸೀತನಿ. ಬೆಲ್ಲದ ಜೊತೆ ಬಾಯಿಗೆ ಹಾಕಿಕೊಂಡರೆ ಹೊಗೆಯ ವಾಸನೆಯೂ ಹಾಲಿನ ಸಿಹಿಯೂ ಒಟ್ಟಿಗೇ ಬರುತ್ತಿದ್ದವು. ಈಗ ನಾನು ಸೀತನಿ ತಿನ್ನುವುದಿಲ್ಲ. ಯಾಕೆಂದು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ನನಗಾಗ ಹತ್ತು ವರ್ಷ. ಪಕ್ಕದ ಮನೆಯ ನೀಲಿಗೂ ಅಷ್ಟೇ. ಅವಳ ಅಪ್ಪ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊಳೆದಂಡೆಯ ಕಡೆ ಹೋಗಿಬಿಡುತ್ತಿದ್ದ. ಅವಳ ತಾಯಿ ಸಿದ್ದವ್ವನನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಚಿಗವ್ವ ಕೂಲಿಗೆ ಹೋದಾಗ ನೀಲಿ ಮನೆಯಲ್ಲಿದ್ದು ತಮ್ಮನನ್ನು ನೋಡಿಕೊಳ್ಳಬೇಕಿತ್ತು. ಆದರೆ ಹೊಲದಲ್ಲಿ ಒಬ್ಬಳೇ ಇರಲು ನನಗೆ ಹೆದರಿಕೆ. ತಮ್ಮನನ್ನು ನಮ್ಮ ಅಜ್ಜಿಯ ಹತ್ತಿರ ಬಿಡಿಸಿ ಅವಳನ್ನು ಎಳೆದುಕೊಂಡು ಹೋಗುತ್ತಿದ್ದೆ. ಅದಕ್ಕಾಗಿ ಚಿಗವ್ವ ಒಮ್ಮೆ ಅವಳಿಗೆ ಕೋಲಿನಿಂದ ಬಾಸುಂಡೆ ಬರುವಂತೆ ಹೊಡೆದಳು. ಮರುದಿನ ಮತ್ತೆ ಕರೆದೆ. ಮತ್ತೆ ಬಂದಳು.

ಆ ದಿನವೇ ನಾಯಿ ಬಂದದ್ದು. ಬದುವಿನ ನೆರಳಲ್ಲಿ ಒಂದು ಕಂದು ನಾಯಿ ಬಾಯಿ ತೆರೆದುಕೊಂಡು ಬಿದ್ದಿತ್ತು. ನೀಲಿ ಅಟ್ಟದ ಕೆಳಗೆ ಕೂತು ತೆನೆ ತಿಕ್ಕುತ್ತಿದ್ದಳು. ನನ್ನ ಗುರಿ ಎಂಥದ್ದೆಂದು ಅವಳಿಗೆ ತೋರಿಸಬೇಕೆನಿಸಿತು. ಕವಣೆ ಬೀಸಿದೆ. ಕಲ್ಲು ನಾಯಿಯ ಪಕ್ಕೆಗೆ ಬಿತ್ತು. ಅದು ಬೊಗಳಲಿಲ್ಲ, ಎದ್ದು ನೇರ ನಮ್ಮ ಕಡೆ ಓಡಿಬಂತು. ನಾನು ಅಟ್ಟ ಹತ್ತಿ ಕಾಲು ಮೇಲೆಳೆದುಕೊಂಡೆ. ನೀಲಿ ಒಂದು ಕೈಯಿಂದ ಕಂಬ ಹಿಡಿದು ಇನ್ನೊಂದು ಕೈ ನನ್ನತ್ತ ಚಾಚಿದಳು. ನಾನು ಕೈ ಕೊಡಲಿಲ್ಲ. ನಾಯಿ ಅವಳ ಮೀನಖಂಡಕ್ಕೆ ಬಾಯಿ ಹಾಕಿ, ಜಗ್ಗಿ, ಬಿಟ್ಟು ಜೋಳದೊಳಗೆ ಹೋಯಿತು.

ಬಹಳ ಹೊತ್ತಿನ ಮೇಲೆ ಇಳಿದೆ. ನೀಲಿ ಗಾಯದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

“ಗಂಗಿ, ಅವ್ವಗ ಹೇಳೂಣು.”

“ಹೇಳಿದ್ರ ದವಾಖಾನಿಗೆ ಒಯ್ತಾರ. ನಮ್ಮ ಕಾಕಾ ಹೇಳಿದ್ದು ನೆನಪೈತಿಲ್ಲೊ?”

ಹಿಂದಿನ ವರ್ಷ ನಮ್ಮ ಕಾಕಾನಿಗೆ ನಾಯಿ ಕಚ್ಚಿತ್ತು. ದವಾಖಾನೆಯಿಂದ ಬಂದವನು ಕಟ್ಟೆಯ ಮೇಲೆ ಕೂತು, ಹುಡುಗರನ್ನು ಸುತ್ತ ಕೂಡಿಸಿಕೊಂಡು ಹೇಳುತ್ತಿದ್ದ. “ಚೀಲ ಹೊಲಿಯೂ ದಬ್ಬಣದಷ್ಟ ಸೂಜಿ. ಹೊಕ್ಕಳದಾಗ ಚುಚ್ಚಿದ್ರ ಬೆನ್ನಾಗ ಹೊರಗ ಬರ್ತೈತಿ. ನಾಕ ಮಂದಿ ಕೈಕಾಲು ಹಿಡೀಬೇಕು. ಹಂಗ ಹದಿನಾಕ ದಿನ.” ದೊಡ್ಡವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾವು ನಿದ್ದೆಯಲ್ಲಿ ಬೆಚ್ಚುತ್ತಿದ್ದೆವು.

“ಹದಿನಾಕೂ ಹೊಕ್ಕಳದಾಗೇನು?” ನೀಲಿ ಕೇಳಿದಳು.

“ಹದಿನಾಕೂ.”

ಅವಳು ಅಳತೊಡಗಿದಳು. ಆಗ ನನಗೆ ಸಮಾಧಾನವಾಯಿತು. ಯಾಕೆಂದರೆ ನನ್ನ ಹೆದರಿಕೆ ಸೂಜಿಯದ್ದಲ್ಲ. ಕಲ್ಲು ಹೊಡೆದದ್ದು ಹೊರಗೆ ಬಂದರೆ ಅಪ್ಪ ನನ್ನನ್ನು ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದ; ಅಣ್ಣನಿಗೆ ಹೊಡೆದದ್ದನ್ನು ನೋಡಿದ್ದೆ. ನನ್ನ ಭಯ ಮುಚ್ಚಿಕೊಳ್ಳಲು ಅವಳಿಗೆ ಬೇರೊಂದು ಭಯ ಕೊಟ್ಟೆ. ಹತ್ತು ವರ್ಷದ ಹುಡುಗಿಗೆ ಅಷ್ಟು ಬುದ್ಧಿ ಇರುತ್ತದೆ.

ಬುತ್ತಿಯಲ್ಲಿದ್ದ ಖಾರದ ಪುಡಿಯನ್ನು ಗಾಯಕ್ಕೆ ಮೆತ್ತಿದೆ. ನೀಲಿ ಲಂಗದ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ಮನೆಯಲ್ಲಿ ಜಾಲಿಮುಳ್ಳು ಗೀರಿತು ಎಂದು ಹೇಳಿದೆವು. ಚಿಗವ್ವ ಅರಿಶಿನ ಹಚ್ಚಿ, “ಕಣ್ಣ ಎಲ್ಲಿರ್ತಾವು ನಿನ್ನೂ?” ಎಂದು ಬಯ್ದಳು. ಅಷ್ಟಕ್ಕೇ ಮುಗಿಯಿತು.

ಗಾಯ ಮಾಯಿತು. ಜೋಳ ಕಿತ್ತು, ಕಣದಲ್ಲಿ ರಾಶಿ ಮಾಡಿದರು. ನೀಲಿ ನನ್ನ ಜೊತೆ ಕುಂಟಾಟ ಆಡಿದಳು, ಪೇರಲಹಣ್ಣು ಕಚ್ಚಿ ಅರ್ಧ ನನಗೆ ಕೊಟ್ಟಳು. ಹೋಳಿ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಕಾಲು ಜುಮ್ಮೆನ್ನುತ್ತದೆ ಎಂದಳು. ಮರುದಿನ ಜ್ವರ. ಅದರ ಮರುದಿನ ಚಿಗವ್ವ ತಂಬಿಗೆ ಹತ್ತಿರ ತಂದರೆ ಅವಳ ಗಂಟಲು ಸೆಟೆದುಕೊಂಡಿತು. ಗಾಳಿ ಬಡಿದೈತಿ ಎಂದು ಯಾರೋ ನಿಂಬೆಹಣ್ಣು ಇಳಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

“ಹೊಲದಾಗ ಏನರ ಕಡದಿತ್ತೇನ ಮಗಳ?” ಚಿಗವ್ವ ಕೇಳಿದಳು.

ನೀಲಿ ನನ್ನ ಕಡೆ ನೋಡಿದಳು. ಇಲ್ಲವೆನ್ನು ಎಂದು ತಲೆ ಅಲ್ಲಾಡಿಸಿದೆ.

“ಮುಳ್ಳ,” ಎಂದಳು.

ಬಾಗೇವಾಡಿಯ ದವಾಖಾನೆಯಲ್ಲಿ ಡಾಕ್ಟರರು ಮೀನಖಂಡದ ಮೇಲಿನ ಹಲ್ಲಿನ ಕಲೆ ನೋಡಿ, ನಾಯಿ ಕಚ್ಚಿ ಎಷ್ಟು ದಿನವಾಯಿತು ಎಂದು ಕೇಳಿದರಂತೆ. ಚಿಗವ್ವ, “ನಾಯಿ ಅಲ್ರಿ ಸಾಹೇಬ್ರ, ಮುಳ್ಳ,” ಎಂದಳಂತೆ. ಆಗ ಯಾರಿಂದಲೂ ಏನೂ ಮಾಡಲಾಗುತ್ತಿರಲಿಲ್ಲ. ಮೂರನೆಯ ದಿನ ನೀಲಿ ತೀರಿಕೊಂಡಳು. ಕಡೆಯಲ್ಲಿ ಅವಳನ್ನು ಮಂಚಕ್ಕೆ ಕಟ್ಟಬೇಕಾಯಿತು ಎಂದು ಹೆಂಗಸರು ಮಾತಾಡಿಕೊಂಡರು.

ಅವಳ ಎಂಜಲು ತಿಂದವರು, ಜೊಲ್ಲು ಮುಟ್ಟಿದವರು ಸೂಜಿ ಹಾಕಿಸಿಕೊಳ್ಳಬೇಕೆಂದು ದವಾಖಾನೆಯವರು ಹೇಳಿ ಕಳಿಸಿದರು. ಚಿಗವ್ವ ಮತ್ತು ನಾನು; ನೀಲಿಯ ತಮ್ಮ ಆ ದಿನಗಳಲ್ಲಿ ನಮ್ಮ ಅಜ್ಜಿಯ ಹತ್ತಿರವೇ ಇದ್ದ. ಅಪ್ಪನಿಗೆ ಹೊಲದ ಕೆಲಸ. ದಿನವೂ ನನ್ನನ್ನು ಚಿಗವ್ವನ ಜೊತೆ ಬಸ್ಸಿಗೆ ಹತ್ತಿಸುತ್ತಿದ್ದ.

ಮೊದಲ ದಿನ ಸೂಜಿ ನೋಡಿದೆ. ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದವಿತ್ತು. ಹೊಟ್ಟೆಯ ಚರ್ಮ ಎತ್ತಿ ಹಿಡಿದು ಚುಚ್ಚಿದರು. ಉರಿಯಿತು, ಗಂಟಾಯಿತು, ಅಷ್ಟೇ. ಯಾರೂ ಕೈಕಾಲು ಹಿಡಿಯಲಿಲ್ಲ. ಚಿಗವ್ವ ಮಾತ್ರ ನನ್ನ ಕೈ ಹಿಡಿದಿದ್ದಳು. “ಅಳಬ್ಯಾಡವ್ವಾ, ಮುಗೀತು,” ಎಂದಳು. ಐದನೆಯ ದಿನದ ಹೊತ್ತಿಗೆ ನಾನು ಪುಟಾಣಿ ತಿನ್ನುತ್ತ ಸಾಲಿನಲ್ಲಿ ನಿಲ್ಲುತ್ತಿದ್ದೆ.

ಅದೇ ದಿನ ಹಿಂದಿರುಗುವಾಗ ಬಸ್ಸಿನಲ್ಲಿ ಚಿಗವ್ವ ಕೇಳಿದಳು.

“ನಿನಗರ ಹೇಳಿದ್ಲೇನು?”

“ಇಲ್ಲ ಚಿಗವ್ವ.”

“ನಾಯಿ ಬಂದದ್ದ ನೀ ನೋಡ್ಲಿಲ್ಲ?”

“ಇಲ್ಲ.”

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. “ನನಗ ಅಂಜಿ ಹೇಳ್ಲಿಲ್ಲ ಅಕಿ,” ಎಂದಳು. “ಹಿಂದಿನ ದಿನಾನ ಹೊಡದಿದ್ದೆ ನೋಡು. ಹೊಲಕ್ಕ ಹೋಗಿದ್ದಕ್ಕ ಮತ್ತ ಹೊಡೀತಾಳ ಅಂತ ಸುಮ್ಮನಾತು ಕೂಸು.”

ಅಲ್ಲ ಎನ್ನಲು ಒಂದು ಮಾತು ಸಾಕಿತ್ತು. ಇನ್ನೂ ಒಂಬತ್ತು ದಿನ ಅದೇ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತು ಹೋಗಿಬಂದೆ. ಪ್ರತಿದಿನ ಊರು ಬಿಡುವಾಗ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಊರು ಬರುವಾಗ ಅಗಸಿ ಬಾಗಿಲಲ್ಲಿ ಅಪ್ಪ ನಿಂತಿರುವುದು ಕಾಣುತ್ತಿತ್ತು. ಹದಿನಾಲ್ಕನೆಯ ದಿನ ಚಿಗವ್ವ ಸಂತೆಯಲ್ಲಿ ನನಗೆ ಹಸಿರು ಬಳೆ ಇಡಿಸಿದಳು. ನೀಲಿಯ ಕೈ ಅಳತೆಯೂ ಇದೇ ಇತ್ತು ಎಂದಳು.

ಮದುವೆಯಾಗಿ ಇಂಡಿಗೆ ಹೋದ ಮೇಲೆ ಒಮ್ಮೆ ಡಾಕ್ಟರೊಬ್ಬರನ್ನು ಕೇಳಿದೆ, ಯಾರದೋ ಸಂಗತಿ ಎಂಬಂತೆ. ಕಾಯಿಲೆ ಕಾಣಿಸಿಕೊಂಡ ಮೇಲೆ ಹೇಳಿದ್ದರೂ ಉಪಯೋಗವಿರಲಿಲ್ಲ ಎಂದರು. ನಂತರ, “ಕಚ್ಚಿದ ಕೂಡಲೇ ಬಂದಿದ್ದರೆ ಮಗು ಬದುಕುತ್ತಿತ್ತು,” ಎಂದೂ ಸೇರಿಸಿದರು. ಜೋಳಕ್ಕೆ ಹಾಲು ತುಂಬಿದ ದಿನದಿಂದ ಹೋಳಿಯವರೆಗಿನ ಎಲ್ಲ ದಿನಗಳನ್ನೂ ನಾನು ಅವತ್ತು ಕೂತು ಎಣಿಸಿದೆ.

ತವರಿಗೆ ಹೋದಾಗಲೆಲ್ಲ ಚಿಗವ್ವ ಉಡಿ ತುಂಬುತ್ತಿದ್ದಳು. ಉಳಿದ ಒಬ್ಬ ಮಗನ ಮೇಲೆ ಅವಳು ಎಂದೂ ಕೈ ಎತ್ತಲಿಲ್ಲ, ದನಿ ಕೂಡ ಏರಿಸಲಿಲ್ಲ. ಅವನು ಅದರ ಪೂರ್ತಿ ಲಾಭ ಪಡೆದ. ಕೊನೆಯ ಸಲ ಕಂಡಾಗ ಅವಳ ಕಣ್ಣು ಹೋಗಿದ್ದವು. ನನ್ನ ಮುಖ ಮುಟ್ಟಿ ನೋಡಿ ಅದೇ ಮಾತು ಹೇಳಿದಳು.

“ಅಕಿನ್ನ ಹೊಡೀಬಾರದಿತ್ತು ನಾ.”

“ಬಿಡು ಚಿಗವ್ವ, ಹಳೇದು,” ಎಂದೆ.

ಅಷ್ಟು ಹೊತ್ತಿಗೆ ಅಪ್ಪ ಸತ್ತು ಆರು ವರ್ಷವಾಗಿತ್ತು. ನನಗೆ ಹೊಡೆಯುವವರು ಯಾರೂ ಉಳಿದಿರಲಿಲ್ಲ. ಆದರೂ ಹೇಳಲಿಲ್ಲ. ಆ ಚಳಿಗಾಲದಲ್ಲಿ ಚಿಗವ್ವ ಹೋದಳು, ಮಗಳನ್ನು ತಾನೇ ಕೊಂದೆ ಎಂದು ನಂಬಿಕೊಂಡು.