ಪುಸ್ತಕದ ಕಾಕಾ ಅರ್ಧಕ್ಕೆ ಬಿಟ್ಟ ಸಾಲು

ಅವರ ಬಲಗೈ ಹೆಬ್ಬೆರಳು ಯಾವಾಗಲೂ ಕಪ್ಪಗಿರುತ್ತಿತ್ತು. ಹಳೆಯ ಪತ್ರಿಕೆಗಳ ಮಸಿ. ಸೋಪು ಹಚ್ಚಿ ತಿಕ್ಕಿದರೂ ಹೋಗದ ಆ ಗುರುತು ಚಹಾದ ಲೋಟದ ಮೇಲೂ ಅವರದೇ ಬಿಳಿ ಅಂಗಿಯ ಮೇಲೂ ಕಾಣುತ್ತಿತ್ತು. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೊಸ ಪುಸ್ತಕಗಳ ಗಂಟು ಬಂದ ಕೂಡಲೇ ಅವರು ಒಂದೊಂದಕ್ಕೂ ಪತ್ರಿಕೆಯ ಹೊದಿಕೆ ಹಾಕಿ, ಹೆಸರಿದ್ದ ಮೊದಲ ಹಾಳೆಯನ್ನೂ ಅದರೊಳಕ್ಕೆ ಮಡಚಿ ಅಂಟಿಸಿಬಿಡುತ್ತಿದ್ದರು.

"ಹೆಸರ್ ನೋಡಿ ಪುಸ್ತಕಾ ತಗೊಳ್ಳೂದಂದ್ರ ಮನಿತನಾ ನೋಡಿ ಹೆಣ್ಣ ತಂದಂಗ. ಮೊದಲ ಓದ್ರಿ. ಮುಗದ ಮ್ಯಾಲ ಹೊದಿಕಿ ಹರೀರಿ."

ಗೋವಾದ ವಾಸ್ಕೋದಲ್ಲಿ ಮೀನು ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿತ್ತು ಅವರ ಕನ್ನಡ ಪುಸ್ತಕದಂಗಡಿ. ಎಲ್ಲರಿಗೂ ಅವರು ಪುಸ್ತಕದ ಕಾಕಾ. ನಾನು ಬಿ.ಎ. ಮುಗಿಸಿ ಅಲ್ಲಿಯ ಶಾಲೆಯೊಂದರಲ್ಲಿ ಕಲಿಸುತ್ತಿದ್ದವಳು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಯಾವ ಹೊಸ ಪುಸ್ತಕ ಚೆನ್ನಾಗಿದೆ ಎಂದು ಕೇಳಿದರೆ ಅವರು ಒಮ್ಮೆಯೂ ನೇರವಾಗಿ ಹೇಳಲಿಲ್ಲ. ಮುಖ ನೋಡಿ ಒಂದು ಹೊದಿಕೆಯ ಪುಸ್ತಕ ತೆಗೆದು ಕೈಗೆ ತುರುಕುವರು, ಅಷ್ಟೇ. ಎಷ್ಟು ಸಿಟ್ಟು ಬರುತ್ತಿತ್ತೆಂದರೆ ಎರಡು ಸಲ ಪುಸ್ತಕ ಅಲ್ಲೇ ಬಿಟ್ಟು ಎದ್ದು ಬಂದಿದ್ದೇನೆ. ಮರುದಿನ ಮತ್ತೆ ಹೋಗಿದ್ದೇನೆ.

ಭಾನುವಾರ ಮಧ್ಯಾಹ್ನ ಬಂದರಿನ ಹಮಾಲರು, ಗೌಂಡಿ ಕೆಲಸದವರು, ಕಡಲ ದಂಡೆಯಲ್ಲಿ ಮಣಿಸರ ಮಾರುವ ಒಬ್ಬಾಕೆ, ಹೀಗೆ ನಾಲ್ಕಾರು ಜನ ಅಂಗಡಿಯಲ್ಲಿ ಸೇರುತ್ತಿದ್ದರು. ಬಹಳಷ್ಟು ಮಂದಿಗೆ ಓದು ಬರುತ್ತಿರಲಿಲ್ಲ. ಕಾಕಾ ಹೊಸ ಪುಸ್ತಕದ ಮೊದಲ ಪುಟಗಳನ್ನು ಜೋರಾಗಿ ಓದಿ, ಸರಿಯಾಗಿ ಕುತೂಹಲ ಕೆರಳುವ ಕಡೆ ಪಟ್ಟೆಂದು ಮುಚ್ಚುವರು.

"ಮುಂದ ಏನಾತು ಅಂತ ನನ್ನ ಕೇಳಬ್ಯಾಡ್ರಿ, ಪುಸ್ತಕಾನ್ ಕೇಳ್ರಿ."

"ನಮಗ ಓದಾಕ ಬರೂದಿಲ್ಲಲ್ರಿ ಕಾಕಾ, ಪುಸ್ತಕಾ ನಮ್ಮ ಕೂಡ ಹೆಂಗ ಮಾತಾಡ್ತೈತಿ?" ಎಂದು ಮಣಿಯಾಕೆ ರೇಗುವಳು.

"ಇಲ್ಲಿ ಅಕ್ಕೋರ ಅದಾರಲ್ಲ, ಅವರನ್ನ ಹಿಡಕೋರಿ. ಪಗಾರಾ ತಗೊಂಡು ಬರೇ ಹುಡುಗ್ರಿಗೆ ಓದಿ ಹೇಳ್ತಾರ!"

ಹಾಗೆ ಆಕೆಗೂ ಅವಳ ಓಣಿಯವರಿಗೂ ಓದಿ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು.

ಅಂಗಡಿಯೊಳಗೆ ಮರದ ಅಟ್ಟವೊಂದಿತ್ತು. ಕಾಕಾ ವಿಜಾಪುರದ ಒಣ ನೆಲದವರು. ಗೋವಾದ ಒದ್ದೆ ನೆಲವನ್ನು ಕಂಡರೆ ಅವರಿಗೆ ಎಲ್ಲಿಲ್ಲದ ಭಯ. ಪುಸ್ತಕಕ್ಕೆ ಬೂಸಲು ಹಿಡಿಯುತ್ತದೆಂದು ಮಳೆಗಾಲಕ್ಕೆ ಮುಂಚೆ ಇದ್ದಬದ್ದ ಗಂಟುಗಳನ್ನೆಲ್ಲ ಅಟ್ಟಕ್ಕೇರಿಸುವರು. ಪಕ್ಕದ ಬಡಗಿ ಒಮ್ಮೆ ಅಟ್ಟದ ತೊಲೆಯನ್ನು ಉಳಿಯಿಂದ ಚುಚ್ಚಿ, ಉದುರಿದ ಹುಡಿಯನ್ನು ಅಂಗೈಯಲ್ಲಿ ಹಿಡಿದು ತೋರಿಸಿದ. "ಕಾಕಾ, ಲಕ್ಡಾ ಖತಂ ಹೈ. ಊಪರ್ ಕಾ ಮಾಲ್ ಉತಾರೋ." ಮರ ಮುಗಿಯಿತು, ಮೇಲಿನ ಗಂಟು ಇಳಿಸಿ ಎಂದು.

"ನಮ್ಮೂರಾಗ ಜಂತಿ ಮ್ಯಾಲ ಚೀಲಗಟ್ಲೆ ಜ್ವಾಳಾ ಇಡ್ತೀವಪಾ. ಕಾಗದಕ್ಕ ಏನ್ ಭಾರ?" ಎಂದು ಕಾಕಾ ನಕ್ಕರು.

ಅವರ ಊರಿನ ತೊಲೆ ಒಣ ಗಾಳಿಯಲ್ಲಿ ಕಲ್ಲಾದ ಮರ. ಇದು ಉಪ್ಪುಗಾಳಿ, ಗೆದ್ದಲು ಎರಡೂ ತಿಂದ ಮರ. ನಾನೂ ಹೇಳಿದೆ, ಮಣಿಯಾಕೆಯೂ ಹೇಳಿದಳು. ಕೇಳುವವರು ಯಾರು?

ಆ ಭಾನುವಾರ ಮಳೆ ಜಡಿಯುತ್ತಿತ್ತು. ಹೊಸ ಪುಸ್ತಕವೊಂದನ್ನು ಎತ್ತಿಕೊಂಡ ಕಾಕಾ, "ಇದು ಅಕ್ಕೋರಿಗೆ ಅಂತನ ತಗದಿಟ್ಟೇನಿ," ಎಂದು ಓದಲು ಕುಳಿತರು. ಕಥೆಯಲ್ಲಿ ದೂರದ ಕೆಲಸಕ್ಕೆ ಹೋದ ಗಂಡ, ವರ್ಷಗಳ ಮೇಲೆ ಅವನು ಕಳಿಸಿದ ಒಂದು ಸೀರೆ. 'ಅವಳು ಸೀರೆಯ ಕೊನೆಯ ಮಡಿಕೆ ಬಿಚ್ಚಿದಳು. ಅದರೊಳಗೆ...' ಅಷ್ಟರಲ್ಲಿ ಪುಟದ ಮೇಲೆ ಹುಡಿ ಉದುರಿತು. ಅವರು ಅದನ್ನು ಊದಿದರು. ಊದಿ ಮತ್ತೆ ಸಾಲು ಹುಡುಕಿದರು! ಮೇಲೆ ಕರ್ರೆಂದಿತು. ಎಲ್ಲರೂ ಬಾಗಿಲಿಗೆ ನುಗ್ಗಿದರು. ನಾನು ಮಾತ್ರ ತೊಲೆಯನ್ನೇ ನೋಡುತ್ತ ನಿಂತೆ. ಕಾಕಾ ಎರಡೂ ಕೈಯಿಂದ ನನ್ನ ಭುಜ ಹಿಡಿದು ಬೀದಿಗೆ ನೂಕಿದರು. ಹಾಗೆ ನೂಕುವಾಗ ಪುಸ್ತಕ ಅವರ ಕೈಯಿಂದ ಜಾರಿತು. ಅದನ್ನೆತ್ತಲು ಬಗ್ಗಿದರು.

ಅಟ್ಟ ಕೆಳಗೆ ಬಂತು.

ಹಮಾಲರೇ ಅವರನ್ನು ಹೊರಗೆಳೆದರು. ಸೊಂಟ ಮುರಿದಿತ್ತು. ನೆನೆದು ಮುದ್ದೆಯಾದ ಪುಸ್ತಕಗಳನ್ನು ಮರುದಿನ ಯಾರೋ ಕಸದ ಲಾರಿಗೆ ತುಂಬಿದರು. ಆ ಪುಸ್ತಕವೂ ಅದರೊಳಗೇ ಹೋಯಿತು. ನಾನು ಈಗಲೂ ಎಲ್ಲಿ ಕುಳಿತರೂ ಮೊದಲು ತಲೆಯೆತ್ತಿ ಸೂರು ನೋಡುತ್ತೇನೆ. ಬಾಗಿಲು ಕಿರುಗುಟ್ಟಿದರೆ ಭುಜದ ಮೇಲೆ ಆ ಎರಡು ಕೈಗಳ ಭಾರ ಬೀಳುತ್ತದೆ. ಅಂದು ಉಟ್ಟ ಸೀರೆಯ ಭುಜದಲ್ಲಿ ಕಪ್ಪು ಹೆಬ್ಬೆರಳ ಗುರುತಿತ್ತು. ಒಗೆದೆ, ಹೋಗಿಲ್ಲ.

ಆಸ್ಪತ್ರೆಯಲ್ಲಿ ಕೇಳಿದೆ, "ಪುಸ್ತಕದ ಹೆಸರರೆ ಹೇಳ್ರಿ ಕಾಕಾ."

"ಅಂಗಡಿ ಚಾಲೂ ಆಗ್ಲಿ ಯವ್ವಾ. ಇನ್ನೊಂದ್ ತರಸ್ತೀನಿ. ಅಲ್ಲೀತನಕಾ ತಡಿ."

"ಸೀರಿಯೊಳಗ ಏನಿತ್ತು ಅಂತರೆ ಹೇಳ್ರಿ!"

ಕಣ್ಣು ಮುಚ್ಚಿಕೊಂಡು ನಕ್ಕರು. ಆ ನೋವಿನಲ್ಲೂ ನಕ್ಕರು. ಅವರ ತಮ್ಮ ಬಂದು ಊರಿಗೆ ಕರೆದುಕೊಂಡು ಹೋದ. ದೀಪಾವಳಿಗೆ ಮುಂಚೆಯೇ ತೀರಿಹೋದರೆಂದು ಸುದ್ದಿ ಬಂತು.

ಹುಬ್ಬಳ್ಳಿಯ ಪುಸ್ತಕ ವ್ಯಾಪಾರಿಗೆ ಫೋನು ಮಾಡಿ ಸೀರೆಯ ಕಥೆಯ ಪುಸ್ತಕ ಯಾವುದೆಂದು ಕೇಳಿದೆ. "ಗಂಟಗಟ್ಲೆ ಕಳಸ್ತೀವ್ರಿ ಬಾಯಾರ. ಯಾವುದರಾಗ ಸೀರಿ, ಯಾವುದರಾಗ ಧೋತರ ಅಂತ ನಾವೇನ್ ನೋಡ್ತೀವೇನ್ರಿ?" ಎಂದ. ಅಂದಿನಿಂದ ಯಾವ ಊರಿಗೆ ಹೋದರೂ ಪುಸ್ತಕದಂಗಡಿಯಲ್ಲಿ ನಿಂತು ಮೊದಲ ಪುಟಗಳನ್ನು ತಿರುವುತ್ತೇನೆ. ಆ ಸೀರೆ ಸಿಗುವುದಿಲ್ಲ. ಬೇರೇನೋ ಸಿಗುತ್ತದೆ, ಕೊಂಡು ತರುತ್ತೇನೆ, ಮಣಿಯಾಕೆಯ ಓಣಿಯಲ್ಲಿ ಓದುತ್ತೇನೆ.

ಮೊನ್ನೆ ಕಡಲ ದಂಡೆಯಲ್ಲಿ ಆಕೆ ಎದುರಾದಳು. "ಸೀರ್ಯಾಗ ಏನಿತ್ತು, ಗೊತ್ತಾತೇನ್ರಿ ಅಕ್ಕೋರ?"

"ಇಲ್ಲವ್ವಾ."

"ನನಗ ಗೊತ್ತೈತಿ."

"ಹೌದಾ? ಏನಿತ್ತು?"

ಆಕೆ ಮಣಿಸರಗಳನ್ನು ತೋಳಿಗೇರಿಸಿಕೊಂಡು ಹೊರಟೇಬಿಟ್ಟಳು. "ಹೇಳಿದ್ರ ನೀವು ಹುಡಕೂದ ಬಿಡ್ತೀರಿ."

ಕಾಕಾ ಅವರದೇ ಹಟ. ನಾನು ಸಿಟ್ಟಿನಿಂದ ಕೂಗಿದೆ. ಆಕೆ ತಿರುಗಿ ಕೂಡ ನೋಡಲಿಲ್ಲ.