ಹಲಗೆಯಿಂದ ಎತ್ತಿಟ್ಟ ಕಡಲ್ಗಳ್ಳ

ಕೊಡಗಿನ ಆಯುಧಹಬ್ಬ ಕೈಲ್ ಮುಹೂರ್ತದ ದಿನ ನಮ್ಮ ಮನೆಯಲ್ಲಿ ಕೋವಿಗೆ ಮಾತ್ರವಲ್ಲ, ದುಡಿಯುವ ಪ್ರತಿಯೊಬ್ಬರ ಉಪಕರಣಕ್ಕೂ ಪೂಜೆ ಸಲ್ಲುತ್ತದೆ. ನಡುಮನೆಯ ದೀಪದ ಕೆಳಗೆ ಹಲಗೆ ಹಾಕಿ, ಯಜಮಾನರ ಕೋವಿ, ಕಾಡು ಸವರುವ ಕತ್ತಿ, ಅವುಗಳ ಪಕ್ಕದಲ್ಲಿ, ಟೀಚರಾಗಿ ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದ ಕೆಂಪು ಶಾಯಿಯ ಪೆನ್ನು ಇಡುತ್ತೇವೆ. ಪೂಜೆಯಾದ ಬಳಿಕ ಯಜಮಾನರು ಒಂದೊಂದಕ್ಕೂ ಗಂಧ ಹಚ್ಚಿ, ಅದನ್ನು ಬಳಸುವವರ ಕೈಗೆ ಕೊಡುತ್ತಾರೆ. ಸುಂಟಿಕೊಪ್ಪದ ಈ ಮನೆಗೆ ಸೊಸೆಯಾಗಿ ಬಂದ ವರ್ಷ, ಹಾಗೆ ಪೆನ್ನನ್ನು ಕೈಗೆ ಪಡೆದಾಗಲೇ ಇದು ನನ್ನ ಮನೆಯೂ ಹೌದು ಎನಿಸಿದ್ದು.

ಕಳೆದ ವರ್ಷ ಮೊದಲ ಬಾರಿಗೆ ಮಗಳ ಉಪಕರಣವೂ ಆ ಹಲಗೆಯ ಮೇಲೆ ಇರಬೇಕಿತ್ತು. ಮಡಿಕೇರಿಯ ಸ್ಟಿಕರ್ ಅಂಗಡಿಯೊಂದರಲ್ಲಿ ಜೀಪುಗಳಿಗೂ ಹೆಲ್ಮೆಟ್ಟುಗಳಿಗೂ ಚಿತ್ರ ಬರೆದು ಕತ್ತರಿಸುವ ಕೆಲಸ ಅವಳದು. ಅವಳು ಹುಟ್ಟುವ ಮುಂಚಿನಿಂದಲೂ ಜಪಾನಿನಲ್ಲಿ ಮುಗಿಯದೆ ಬರುತ್ತಿರುವ ಚಿತ್ರಕಥೆಯೊಂದಿದೆಯಂತೆ. ಹುಲ್ಲಿನ ಟೋಪಿಯ, ರಬ್ಬರಿನಂತೆ ಹಿಗ್ಗುವ ಮೈಯ ಕಡಲ್ಗಳ್ಳನೊಬ್ಬ ಅದರ ನಾಯಕ. ಅವನ ಚಿತ್ರಕ್ಕೇ ಹೆಚ್ಚು ಗಿರಾಕಿಗಳು. ಕೇಳಿದವರಿಗೆಲ್ಲ ನಾನು, “ಮಗಳು ಮುದ್ರಣ ಕ್ಷೇತ್ರದಲ್ಲಿದ್ದಾಳೆ” ಎನ್ನುತ್ತಿದ್ದೆ. ವಾಕ್ಯ ನಿರ್ದೋಷವಾಗಿತ್ತು.

ಅಂದು ಬೆಳಿಗ್ಗೆ ಅವಳು ತನ್ನ ಸಣ್ಣ ಕಟರನ್ನು, ತಾನೇ ಬರೆದ ಕಡಲ್ಗಳ್ಳನ ಹಾಳೆಯ ಮೇಲಿಟ್ಟು ಸ್ನಾನಕ್ಕೆ ಹೋದಳು. ದೀಪದ ಕೆಳಗೆ ಅವನು ಹಲ್ಲು ಕಿರಿದು ನಗುತ್ತಿದ್ದ. ಹಿಂದೆ ತಲೆಬುರುಡೆಯ ಬಾವುಟ. ಅಷ್ಟರಲ್ಲಿ ಅಂಗಳದಲ್ಲಿ ನಾದಿನಿಯ ಜೀಪಿನ ಸದ್ದಾಯಿತು. ನಾನು ಹಾಳೆಯನ್ನು ಕಟರಿನ ಸಮೇತ ಸುರುಳಿ ಸುತ್ತಿ, ಅಡುಗೆಮನೆಯಲ್ಲಿ ಉಪ್ಪಿನ ಭರಣಿಯ ಹಿಂದೆ ತುರುಕಿದೆ. ಕಟರನ್ನು ಮರಳಿ ಇಡಬೇಕೆಂದುಕೊಂಡಿದ್ದೆ. ಬಂದವರಿಗೆ ಕಾಫಿ ಸೋಸುವ ಗಡಿಬಿಡಿಯಲ್ಲಿ ಮರೆತೆ.

ಪೂಜೆ ಮುಗಿಯಿತು. ನನ್ನ ಪೆನ್ನು ನನ್ನ ಕೈಗೆ ಬಂತು. ಮಗಳು ಅಂಗೈಗಳನ್ನು ಜೋಡಿಸಿ ಚಾಚಿದಳು. ಯಜಮಾನರು ಹಲಗೆಯನ್ನು ನೋಡಿದರು.

“ನಿಂದೆಲ್ಲಿ ಮಗಾ?”

“ಇಟ್ಟಿದ್ದೆ, ಅಪ್ಪ.”

ಅವಳ ಕಣ್ಣು ನನ್ನತ್ತ ತಿರುಗಿತು. ಕೈಗಳು ಹಾಗೆಯೇ ಚಾಚಿಕೊಂಡಿದ್ದವು.

“ಎಂತ ಅತ್ತಿಗೆ, ಕಾಪಿ ಹೊಡೀತಾಳೆ ಅಂತ ಕಿತ್ತಿಟ್ಟಿದ್ದೀರಾ?” ಎಂದಳು ನಾದಿನಿ. ಎಲ್ಲರೂ ನಕ್ಕರು.

ನಾನು ಒಳಗೆ ಹೋಗಿ ಸುರುಳಿಯನ್ನು ತಂದುಕೊಟ್ಟೆ. ಯಜಮಾನರು ಅದನ್ನು ಬಿಚ್ಚಿದರು. ನಾದಿನಿ ಬಗ್ಗಿ ನೋಡಿದಳು.

“ಅಯ್ಯ, ಇಂವ ನಮ್ಮ ಡ್ರೈವರನ ಬೈಕಿನ ಮೇಲೂ ಇದ್ದಾನಲ್ಲ. ಯಾರಿವ?”

“ಕಡಲ್ಗಳ್ಳ, ಅತ್ತೆ.”

“ಕಳ್ಳನಾ?”

“ಹೆಸರಿಗಷ್ಟೆ. ಕದಿಯೋದಕ್ಕಿಂತ ತಿನ್ನೋದೇ ಜಾಸ್ತಿ. ಆದ್ರೆ ಜೊತೆಗಿರೋರನ್ನ ಯಾರಾದ್ರೂ ಹೀಯಾಳಿಸಿದ್ರೆ ಬಿಡೋದಿಲ್ಲ.”

“ನಮ್ಮ ಅಣ್ಣನ ಹಾಗೆಯೇ ಅನ್ನು, ತಿನ್ನೋದ್ರಲ್ಲಿ. ಅದ್ಸರಿ, ಒಳಗೆ ಯಾಕಿಟ್ಟಿದ್ದು?”

ಉತ್ತರಿಸಬೇಕಾದವಳು ನಾನು.

“ನಾನೇ ಇಟ್ಟದ್ದು, ಅತ್ತೆ,” ಎಂದಳು ಮಗಳು. “ಗಾಳಿಗೆ ಹಾರುತ್ತೆ ಅಂತ.”

ಕಿಟಕಿಗಳೆಲ್ಲ ಮುಚ್ಚಿದ್ದವು. ಯಜಮಾನರು ಕಟರಿಗೆ ಗಂಧ ಹಚ್ಚಿ ಕೊಟ್ಟರು. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ನನ್ನ ಪೆನ್ನಿನ ಮೇಲಿನ ಗಂಧ ಆಗಲೇ ಒಣಗುತ್ತಿತ್ತು. ಶಾಲೆಯ ಕೆಲಸ ಬಿಟ್ಟಂದಿನಿಂದ ಅದರ ಮುಚ್ಚಳವನ್ನು ನಾನು ತೆರೆದಿಲ್ಲ. ಆದರೂ ಪ್ರತಿವರ್ಷ ಅದಕ್ಕೆ ಜಾಗ ಬಿಡುತ್ತಿದ್ದೆ, ಯಾರೂ ಪ್ರಶ್ನಿಸಿರಲಿಲ್ಲ. ದಿನವೂ ದುಡಿಯುವ ಕಟರಿಗೆ ಮಾತ್ರ ಜಾಗವಿರಲಿಲ್ಲ.

ಸಂಜೆಯ ಬಸ್ಸಿಗೆ ಅವಳು ಕಟರನ್ನಷ್ಟೇ ಒಯ್ದಳು. ಹಾಳೆಯನ್ನು ಮಡಚಿ, ನಾನು ಬಚ್ಚಿಟ್ಟಿದ್ದಲ್ಲಿಯೇ, ಭರಣಿಯ ಹಿಂದೆ ಇಟ್ಟುಹೋಗಿದ್ದಳು.

ಈ ವರ್ಷದ ಹಬ್ಬ ಹತ್ತಿರವಾಯಿತು. ಹಲಗೆಯ ಮೇಲೆ ಮೊದಲ ಜಾಗ ಅವಳದೇ, ಚಿತ್ರವನ್ನೂ ಇಡೋಣ ಎಂದು ಹೇಳಲು ಮೊನ್ನೆ ಫೋನ್ ಮಾಡಿದೆ. ಅವಳು ಸಮಾಧಾನವಾಗಿ ಕೇಳಿಸಿಕೊಂಡಳು.

“ಬೇಡ ಅವ್ವ. ಈ ಸಲ ಅಂಗಡಿಯಲ್ಲೇ ಪೂಜೆ ಇಟ್ಟುಕೊಂಡಿದ್ದೇವೆ. ಅಲ್ಲಿ ಎಲ್ಲರದ್ದೂ ಇಡ್ತಾರೆ.”

“ಆಗಲಿ” ಎಂದೆ. ಉಪ್ಪು ತೆಗೆಯುವಾಗಲೆಲ್ಲ ಆ ಹಾಳೆ ಕೈಗೆ ತಾಗುತ್ತದೆ.