ಬಾಯಿ ಕಿತ್ತ ಪೆಟ್ಟಿಗೆ

ಹಳೇ ಸ್ಪೀಕರ್ ಪೆಟ್ಟಿಗೆಯೊಳಗೆ ಸಿನಿಮಾ ನೋಡೋ ಕಂಪ್ಯೂಟರ್ ಕೂರಿಸುವ ಹುಚ್ಚು ನನಗೆ. ಸ್ಪೀಕರ್ ಕಿತ್ತುಹಾಕಿ, ವೈರ್ ಹೋಗುವಷ್ಟು ತೂತು ಹೊಡೆಸಲು ಪೆಟ್ಟಿಗೆಯನ್ನು ನಮ್ಮೂರು ಜಡೆಯಿಂದ ಶಿರಾಳಕೊಪ್ಪದ ಬಡಗಿ ಗೌಸ್ ಸಾಬರ ಹತ್ತಿರ ಒಯ್ದೆ. ಅವರು ಮೂಲೆಯ ಜಾಯಿಂಟ್ ಸವರಿ, "ಇದು ನಾನೇ ಮಾಡಿದ್ದು" ಅಂದರು. ಕಂಪ್ಯೂಟರ್ ವಿಷಯ ಹೇಳಿದೆ.

"ಸೌಂಡ್ ಎಲ್ಲಿಂದ ಬರ್ತೈತ್ರೀ?"

"ಟಿವಿಯಿಂದ."

"ಬಾಯಿ ಕಿತ್ತು ಹೊಟ್ಟೆ ತುಂಬ್ತೀರಲ್ರೀ!" ಎಂದು ಡ್ರಿಲ್ ಕೆಳಗಿಟ್ಟರು.

ನಾಚಿಕೆಯಾಯಿತು. ಮರುದಿನವೇ ಕಿತ್ತಿದ್ದ ಸ್ಪೀಕರ್ ತಂದುಕೊಟ್ಟೆ. ಅವರು ನಡುವೆ ಹಲಗೆ ಹೊಡೆದು, ಮೇಲೆ ಕಂಪ್ಯೂಟರಿಗೆ, ಕೆಳಗೆ ಸ್ಪೀಕರಿಗೆ ಜಾಗ ಮಾಡಿದರು.

ಮೊದಲ ಸಿನಿಮಾಕ್ಕೆ ಅವರನ್ನೇ ಕರೆದೆ. ಎರಡೂವರೆ ಗಂಟೆ ಟಿವಿಗೆ ಬೆನ್ನು ಹಾಕಿ, ಪೆಟ್ಟಿಗೆ ಮೇಲೆ ಅಂಗೈಯಿಟ್ಟು ಕೂತಿದ್ದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಅಂದರು, "ಪಿಕ್ಚರ್ ಭಾಳ ಚೆನ್ನಾಗೈತ್ರೀ."